ಹೊಸ ಕ್ಲಿಪ್ಪರ್ ಕೂದಲು ಕೀಳ್ತಿದೆ, ಹಿಡಿಯೋಕಾಗದಷ್ಟು ಬಿಸಿ. ಜೀರೋ ಕಟಿಂಗ್‌ಗೆ ಬಾಳಿಕೆ ಬರೋ ಮಿಷಿನ್ ಯಾವುದು?

ಚಾಮುಂಡಿ_ತಪ್ಪಲು
ಸಾಕಾಗಿ ಹೋಗಿದೆ. ತಲೆ ಪೂರ್ತಿ ಸಣ್ಣಗೆ ಇಟ್ಟುಕೊಳ್ಳೋನು ನಾನು. ಒಂದೂವರೆ ಮಿ.ಮೀ. ಗಾರ್ಡ್ (ಬ್ಲೇಡ್ ಮೇಲೆ ಕೂರಿಸೋ ಬಾಚಣಿಗೆ), ಇಲ್ಲಾಂದ್ರೆ ಗಾರ್ಡೇ ಇಲ್ಲದೆ, ಪ್ರತಿ ಭಾನುವಾರ ಮನೆಯಲ್ಲೇ. ಇಷ್ಟು ದಿನ ಗಡ್ಡದ ಟ್ರಿಮ್ಮರಲ್ಲೇ ತಳ್ಳಿದೆ. ವಾರಂಟಿ ಮುಗಿದ ಮೇಲೆ ಒಂದೂ ಹೆಚ್ಚು ಕಾಲ ಉಳಿಯಲಿಲ್ಲ. ಒಂದರ ಬ್ಯಾಟರಿ ಹೋಯ್ತು, ಇನ್ನೊಂದರಲ್ಲಿ ಬ್ಲೇಡ್ ಕೂರೋ ಪ್ಲಾಸ್ಟಿಕ್ ಕೊಕ್ಕೆ ಮುರೀತು. ಕಡೆಗೆ ಸಲೂನ್‌ನಲ್ಲಿ ಇಡೋ ಥರದ, ವೈರ್ ಇರೋ ಕ್ಲಿಪ್ಪರ್ ಕೈಗೆ ಬಂತು. ಹೊಸದು, ಒಳ್ಳೆ ತೂಕ ಇದೆ. ಆದ್ರೆ ಕತ್ತಿನ ಹಿಂಭಾಗದಲ್ಲಿ ಕೂದಲು ಕತ್ತರಿಸೋದೇ ಇಲ್ಲ, ಕಿತ್ತು ಹಾಕತ್ತೆ. ಅರ್ಧ ತಲೆ ಆಗೋಷ್ಟರಲ್ಲಿ ಹಿಡಿಯೋಕಾಗಲ್ಲ, ಅಷ್ಟು ಬಿಸಿ. ಸದ್ದಂತೂ ಕೇಳಲೇಬೇಡಿ. ಇದನ್ನ ಸರಿ ಮಾಡಬಹುದಾ, ಬೇರೆ ತಗೊಳ್ಳಬೇಕಾ?

ಕತ್ತರಿಕೈ_ದಾವಣಗೆರೆ
ಸಾರ್, ಸಲೂನ್ ನಡೆಸೋನು ನಾನು. ನೂರಕ್ಕೆ ತೊಂಬತ್ತು ಮಿಷಿನ್ ಎಣ್ಣೆ ಇಲ್ದೆ ಹಾಳಾಗೋದು. ಹೊಸ ಮಿಷಿನ್ ಆದ್ರೂ ಪ್ಯಾಕಿಂಗಲ್ಲಿ ಒಣಗಿರುತ್ತೆ. ಮಿಷಿನ್ ಆನ್ ಮಾಡಿ ಬ್ಲೇಡ್ ಕೆಳಮುಖ ಹಿಡಿದು ಹಲ್ಲಿನ ಮೇಲೆ ಎರಡು ಮೂರು ಹನಿ ಹಾಕಿ, ಹೆಚ್ಚಾದದ್ದು ಬಟ್ಟೇಲಿ ಒರೆಸಿ. ಇನ್ನೊಂದು, ಬ್ಲೇಡ್ ಸೆಟ್ಟಿಂಗ್ ನೋಡಿ. ಓಡಾಡೋ ಬ್ಲೇಡಿನ ಹಲ್ಲು, ಕೂತಿರೋ ಬ್ಲೇಡಿನ ಹಲ್ಲಿಗಿಂತ ಮುಕ್ಕಾಲು ಮಿ.ಮೀ. ಹಿಂದಿರಬೇಕು, ಎರಡೂ ಸಮಾನಾಂತರ ಇರಬೇಕು. ಓರೆ ಆದ್ರೆ ಒಂದು ಮೂಲೇಲಿ ಎಳೆಯುತ್ತೆ, ಮುಂದೆ ಬಂದ್ರೆ ಚರ್ಮ ಕಚ್ಚುತ್ತೆ.

ಕಡಲತಡಿ
ಎಣ್ಣೆಗೆ ಅಂಗಡಿಗೆ ಹೋಗುವುದು ಎಂತಕ್ಕೆ ಮಾರಾಯ್ರೇ? ನಮ್ಮಲ್ಲಿ ತೆಂಗಿನೆಣ್ಣೆಯೇ ಹಾಕುವುದು. ಇಷ್ಟು ವರ್ಷದಲ್ಲಿ ಏನೂ ಆಗಲಿಲ್ಲ.

ಕತ್ತರಿಕೈ_ದಾವಣಗೆರೆ
ದಯವಿಟ್ಟು ಆ ಸಲಹೆ ಕೊಡಬೇಡಿ ಸಾರ್. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಲ್ಲೇ ಗಟ್ಟಿಯಾಗುತ್ತೆ. ಮಂಗಳೂರಿನ ಸೆಖೆಗೆ ನಿಮಗೆ ಗೊತ್ತಾಗಲ್ಲ, ನಮ್ಮಲ್ಲಿ ಧನುರ್ಮಾಸದ ಬೆಳಿಗ್ಗೆ ಬ್ಲೇಡ್ ಮಧ್ಯೆ ಮೇಣ ಆಗಿ ಕೂತಿರುತ್ತೆ. ಹೊಲಿಗೆ ಮಿಷಿನ್ ಎಣ್ಣೆ ತಗೊಳ್ಳಿ, ಅದು ತೆಳು ಮಿನರಲ್ ಎಣ್ಣೆ, ಅಂಟಾಗಲ್ಲ.

ಕಡಲತಡಿ
ಆದ್ರೆ ಚರ್ಮಕ್ಕೆ ತಾಗುವುದಲ್ಲವಾ? ಮಿಷಿನಿನ ಎಣ್ಣೆ ತಲೆಗೆ ಹಚ್ಚಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಚಾಮುಂಡಿ_ತಪ್ಪಲು
ಹೊಲಿಗೆ ಮಿಷಿನ್ ಎಣ್ಣೆ ಹಾಕಿದೆ. ಬ್ಲೇಡ್ ಬಿಚ್ಚಿ ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿ, ಬೆಳಕಿಗೆ ಹಿಡಿದು ಸೆಟ್ ಮಾಡಿದೆ. ಎಳೆಯೋದು ಒಂಚೂರು ಕಡಿಮೆ ಆಗಿದೆ ಅನ್ನಿಸ್ತು, ಬಿಸಿ ಮತ್ತು ಸದ್ದು ಹಾಗೇ ಇದೆ.

ಕತ್ತರಿಕೈ_ದಾವಣಗೆರೆ
ಹಾಗಾದ್ರೆ ಬ್ಲೇಡ್ ಮೊಂಡು. ಹೊಸದ್ರಲ್ಲೂ ಬರುತ್ತೆ. ಸಾಣೆ ಹಿಡಿಸಿ. ಬ್ಲೇಡ್ ಉಜ್ಜಾಟ ಜಾಸ್ತಿ ಆದ್ರೆ ಬಿಸಿ ಬಂದೇ ಬರುತ್ತೆ. ತಲೆಗೆ ಎಣ್ಣೆ ಹಚ್ಚಿದ ದಿನ, ಕೂದಲು ಒದ್ದೆ ಇರುವಾಗ ಹೊಡೀಬೇಡಿ.

ಮಲೆನಾಡಿಗ_ಸಾಗರ
ಎಲ್ಲಾ ಓದಿದೆ. ನನ್ನ ಹತ್ರ ಇರೋದು ಆಸ್ಟರ್ ಕ್ಲಾಸಿಕ್ 76. ಗಾರ್ಡಿನ ಗೊಡವೆಯೇ ಇಲ್ಲ, ಬ್ಲೇಡನ್ನೇ ಕಳಚಿ ಬೇರೆ ಹಾಕೋದು. ನನ್ನಲ್ಲಿ ಮೂರು ಸೊನ್ನೆಯದು ಇದೆ, ಅರ್ಧ ಮಿ.ಮೀ. ಬಿಡುತ್ತೆ, ಒಂದು ನಂಬರಿನದು 2.4 ಮಿ.ಮೀ. ಮೋಟಾರಿಗೆ ಕರೆಂಟ್ ಮುಟ್ಟಿಸೋ ಕಾರ್ಬನ್ ತುಂಡು ಸವೆದ್ರೆ ಪಕ್ಕದ ಮುಚ್ಚಳ ಬಿಚ್ಚಿ ಹೊಸ ಕಾರ್ಬನ್ ಹಾಕಿದ್ರಾಯ್ತು. ಮಿಷಿನ್ ಅಂದ್ರೆ ಹಾಗಿರಬೇಕು, ಬಿಡಿಭಾಗ ಸಿಗಬೇಕು, ಸ್ಕ್ರೂ ಬಿಚ್ಚೋಕೆ ಬರಬೇಕು. ಅಂಟಿಸಿ ಮುಚ್ಚಿದ ಟ್ರಿಮ್ಮರ್ ಎಷ್ಟು ಕೊಟ್ಟು ತಂದ್ರೂ ಬ್ಯಾಟರಿ ಸತ್ತ ದಿನ ಕಸ. ಪಕ್ಕದಲ್ಲಿ ಕತ್ತಿನ ಅಂಚಿಗೊಂದು ಚಿಕ್ಕ ಟ್ರಿಮ್ಮರ್, ಹಿಂದೆ ನೋಡೋಕೆ ಗೋಡೆಗೆ ಎರಡನೇ ಕನ್ನಡಿ. ಇಷ್ಟು ಇದ್ರೆ ಕಟಿಂಗ್ ಶಾಪ್ ಕಡೆ ತಲೆ ಹಾಕೋದೇ ಬೇಡ.

ಕತ್ತರಿಕೈ_ದಾವಣಗೆರೆ
ಅದು ಅರ್ಧ ಕೆ.ಜಿ. ದಾಟೋ ಮಿಷಿನ್ ಸಾರ್. ಇನ್ನೊಬ್ಬರಿಗೆ ಮಾಡೋಕೆ ಸರಿ. ತನ್ನ ತಲೆಗೆ ತಾನೇ, ಕೈ ಹಿಂದಕ್ಕೆ ತಿರುಗಿಸಿ ಹಿಡಿದು ನೋಡಿ, ಮಣಿಕಟ್ಟು ಹೇಳುತ್ತೆ. ಕಟಿಂಗ್ ಶಾಪ್ ಬೇಡ ಅನ್ನೋ ಮಾತೂ ಬೇಡಿತ್ತು. ಕಿವಿ ಹಿಂದೆ ಚರ್ಮ ಎಳೆದು ಹಿಡಿದು ಹೊಡೆಯೋದು ಕನ್ನಡಿ ನೋಡಿ ಬರೋ ವಿದ್ಯೆ ಅಲ್ಲ.

ಹುಬ್ಬಳ್ಳಿ_ವೈಂಡಿಂಗ್
ಬ್ಲೇಡ್ ಬಿಟ್ಟು ಸ್ವಲ್ಪ ಮೋಟಾರ್ ಕಡೆ ಬರ್ರಿ. ತಪ್ಪಲು ಅವರ, ಮೂರು ಮಾತು ಹೇಳ್ರಿ. ಸದ್ದು ಎಂಥಾದ್ದು, ಗುಂಯ್ ಅಂತಿದ್ದೋ, ಟಕಟಕ ಬಡದಂಗೋ? ಬಿಸಿ ಆಗೂದು ಬ್ಲೇಡೋ, ಹಿಡಿಕಿಯೋ? ಮಿಷಿನ್ ಮ್ಯಾಲಿನ ಚೀಟಿಯೊಳಗ ಏನೇನ್ ಬರದೈತಿ, ಇದ್ದದ್ದು ಇದ್ದಂಗ ಓದಿ ಹಾಕ್ರಿ.

ಕತ್ತರಿಕೈ_ದಾವಣಗೆರೆ
ಮೋಟಾರ್ ಹೋಗಿದ್ರೆ ಓಡ್ತಾನೇ ಇರಲಿಲ್ಲ ಅಣ್ಣಾ. ಮೊದಲು ಸಾಣೆ ಹಿಡಿಸಲಿ.

ಚಾಮುಂಡಿ_ತಪ್ಪಲು
ಟಕಟಕ ಅಂತಲೇ, ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ. ಬಿಸಿ ಆಗೋದು ಹಿಡಿಕೆ. ಚೀಟಿಯಲ್ಲಿ 120 ವೋಲ್ಟ್, 60 ಹರ್ಟ್ಝ್ ಅಂತಿದೆ. ನ್ಯೂಜೆರ್ಸಿಯಲ್ಲಿರೋ ಭಾವ ತಂದುಕೊಟ್ಟದ್ದು. ವೋಲ್ಟೇಜ್ ವಿಷಯ ಗೊತ್ತಿರೋದೇ ಅಲ್ವಾ, ಮೊದಲ ದಿನದಿಂದ 110ರ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿಯೇ ಬಳಸ್ತಿದ್ದೀನಿ. ಹಾಗಾಗಿ ಅದು ಬರೆಯೋ ವಿಷಯ ಅಂತ ಅನ್ನಿಸಲಿಲ್ಲ.

ಹುಬ್ಬಳ್ಳಿ_ವೈಂಡಿಂಗ್
ಇಲ್ಲೇ ಐತಿ ನೋಡ್ರಿ ಕಥಿ. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಸತೈತಿ, ಹರ್ಟ್ಝ್, ಅಂದ್ರ ಸೆಕೆಂಡಿಗೆ ಕರೆಂಟಿನ ಎಷ್ಟು ಅಲಿ ಅನ್ನೂದು, ಬದಲ ಮಾಡಂಗಿಲ್ಲ. ನಿಮ್ಮ ಮಿಷಿನ್ನಾಗ ತಿರುಗೂ ಮೋಟಾರ್ ಇಲ್ಲ. ಒಂದು ಕಾಯಿಲ್, ಅದರ ಮುಂದ ಸ್ಪ್ರಿಂಗಿಗೆ ಕೂಡಿಸಿದ ಕಬ್ಬಿಣದ ತೋಳು. ಕರೆಂಟಿನ ಪ್ರತಿ ಅರ್ಧ ಅಲಿಗೆ ಕಾಯಿಲ್ ತೋಳನ್ನ ಒಮ್ಮಿ ಜಗ್ಗತೈತಿ, ಸ್ಪ್ರಿಂಗ್ ವಾಪಸ್ ತರತೈತಿ. ಅಮೆರಿಕದಾಗ ಸೆಕೆಂಡಿಗೆ 120 ಸಲ, ನಿಮಿಷಕ್ಕ 7200. ನಮ್ಮಲ್ಲಿ 50 ಹರ್ಟ್ಝ್, ಅಂದ್ರ ಸೆಕೆಂಡಿಗೆ 100, ನಿಮಿಷಕ್ಕ 6000.

ಆ ಸ್ಪ್ರಿಂಗ್ 120ಕ್ಕ ಹೊಂದಿಸಿದ್ದು. 100ರಾಗ ಜಗ್ಗಿದ್ರ ತಾಳ ತಪ್ಪತೈತಿ, ಜೋಕಾಲಿ ಅರ್ಧಕ್ಕ ಬಂದಾಗ ನೂಕಿದಂಗ. ಬ್ಲೇಡ್ ಪೂರಾ ಓಡಾಡಂಗಿಲ್ಲ, ಕೂದಲು ಅರ್ಧ ಕತ್ತರಿಸಿ ಅರ್ಧ ಹಿಡಕೊಂಡು ಜಗ್ಗತೈತಿ. ಬಿಸಿ ಯಾಕಂದ್ರ, 120 ವೋಲ್ಟ್ 60 ಹರ್ಟ್ಝ್‌ಗೆ ಸುತ್ತಿದ ಕಾಯಿಲ್‌ಗೆ 50 ಹರ್ಟ್ಝ್‌ನಾಗ 100 ವೋಲ್ಟೇ ಸಾಕು. ನೀವು 110 ಕೊಡಾಕತ್ತೀರಿ, ಅದೂ ನಮ್ಮ ಲೈನ್ 240 ಇದ್ದಾಗ ಇನ್ನೂ ಏರತೈತಿ. ಹೆಚ್ಚಿನ ಜಗ್ಗಾಟಕ್ಕ ತೋಳು ಕಾಯಿಲ್‌ನ ಕಬ್ಬಿಣಕ್ಕ ಬಡಿಯಾಕತ್ತೈತಿ, ಅದ ನಿಮ್ಮ ಟಕಟಕ.

ಮಾಡೂದು ಇಷ್ಟು. ಮಿಷಿನ್ ಪಕ್ಕಕ್ಕ ಒಂದು ಸಣ್ಣ ಸ್ಕ್ರೂ ಇರತೈತಿ. ಅದು ಮುಚ್ಚಳದ ಸ್ಕ್ರೂ ಅಲ್ಲ, ತೋಳಿಗೂ ಕಾಯಿಲ್‌ಗೂ ನಡುವಿನ ಸಂದು ಹೊಂದಿಸೂದು. ಮಿಷಿನ್ ಚಾಲೂ ಇಟ್ಟು, ಪ್ಲಾಸ್ಟಿಕ್ ಹಿಡಿಕಿ ಸ್ಕ್ರೂಡ್ರೈವರ್‌ಲೆ ಬಡಿಯೂ ಸದ್ದು ಕಡಿಮಿ ಆಗೂ ಕಡೆ ಸಾವಕಾಶ ತಿರುವ್ರಿ. ಸದ್ದು ನಿಂತಕೂಡ್ಲೆ ಬಿಟ್ಟುಬಿಡ್ರಿ. ಇನ್ನೂ ಮುಂದ ಹೋದ್ರ ಶಕ್ತಿ ಇಳಿತೈತಿ.

ಕಡಲತಡಿ
ಹರ್ಟ್ಝ್‌ನದ್ದು ಅಷ್ಟೆಲ್ಲ ಇಲ್ಲ. ನನ್ನ ಅಣ್ಣ ಸೌದಿಯಿಂದ ಮಿಕ್ಸಿ ತಂದಿದ್ದಾನೆ. ಅಲ್ಲಿಯೂ 60, ಇಲ್ಲಿ 50. ಚಟ್ನಿ ಚೆಂದ ಅರೆಯುತ್ತದೆ.

ಹುಬ್ಬಳ್ಳಿ_ವೈಂಡಿಂಗ್
ಮಿಕ್ಸಿಯೊಳಗ ಕಾರ್ಬನ್ ಇರೂ ಯೂನಿವರ್ಸಲ್ ಮೋಟಾರ್ ಐತಿ. ಅದಕ್ಕ ಹರ್ಟ್ಝ್‌ನ ಹಂಗಿಲ್ಲ, ಡಿ.ಸಿ. ಕೊಟ್ರೂ ತಿರುಗತೈತಿ. ಸಾಗರದವರ 76 ಮಿಷಿನ್ ಅದೇ ಜಾತಿ. ಇದು ಬ್ಯಾರೆ, ಎರಡನ್ನೂ ಒಂದ ತಕ್ಕಡ್ಯಾಗ ಹಾಕಬ್ಯಾಡ್ರಿ. ಅದೇ ಅಣ್ಣಾರು ಸೌದಿಯಿಂದ ಸಿಂಕ್ರೋನಸ್ ಮೋಟಾರಿನ, ಅಂದ್ರ ಹರ್ಟ್ಝ್ ತಾಳಕ್ಕ ತಿರುಗೂ, ಗೋಡೆ ಗಡಿಯಾರ ತಂದಿದ್ರ ಗಂಟೆಗೆ ಹತ್ತು ನಿಮಿಷ ಹಿಂದ ಬೀಳತಿತ್ತು.

ಮಲೆನಾಡಿಗ_ಸಾಗರ
ಈ ಕಾಯಿಲ್ ಮಿಷಿನ್ ಹಳೇ ಕಾಲದ್ದು. ಇಲಿನಾಯ್‌ನ ಸ್ಟರ್ಲಿಂಗ್ ಊರಿನ ಲಿಯೋ ವಾಲ್ 1919ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದು. ಇವತ್ತಿಗೂ ಅದೇ ತತ್ವದ ಮಿಷಿನ್ ಮಾರಾಟ ಆಗ್ತಿದೆ ಅಂದ್ರೆ ಅದರ ಗಟ್ಟಿತನಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದ್ರೂ ನನ್ನ ಓಟು 76ಕ್ಕೇ.

ಚಾಮುಂಡಿ_ತಪ್ಪಲು
ಸ್ಕ್ರೂ ಸಿಕ್ತು. ಕಾಲು ಸುತ್ತಿಗೇ ಟಕಟಕ ನಿಂತಿತು, ಈಗ ಬರೀ ಗುಂಯ್. ಕತ್ತಿನ ಹತ್ತಿರ ಎಳೆತ ಬಹಳ ಕಮ್ಮಿ. ಬಿಸಿ ಇನ್ನೂ ಇದೆ, ತಲೆ ಮುಗಿಸೋವರೆಗೆ ಹಿಡಿಯಬಹುದು. ಟ್ರಾನ್ಸ್‌ಫಾರ್ಮರಲ್ಲಿ 100ರ ಔಟ್‌ಪುಟ್ ಇಲ್ಲ, 110 ಒಂದೇ. ಹೊಸದು ಕೊಳ್ಳೋದಾದ್ರೆ ಯಾವುದು ಅನ್ನೋದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

ಕತ್ತರಿಕೈ_ದಾವಣಗೆರೆ
ಸದ್ದು ನಿಂತದ್ದು ಒಳ್ಳೇದಾಯ್ತು. ಸಾಣೆ ಹಿಡಿಸಿದ್ರೆ ಉಳಿದದ್ದೂ ಹೋಗುತ್ತೆ ಅಂತ ಈಗಲೂ ಹೇಳ್ತೀನಿ.

ಕೊಳ್ಳೋದಾದ್ರೆ ಇದೇ ಥರದ ಕಾಯಿಲ್ ಮಿಷಿನ್ನೇ, ಆದ್ರೆ 230 ವೋಲ್ಟ್ 50 ಹರ್ಟ್ಝ್ ಅಂತ ಬರೆದಿರೋದು, ಇಲ್ಲೇ ಬಿಲ್ ಕೊಡೋ ಅಂಗಡೀಲಿ. ಬೆಳಿಗ್ಗೆಯಿಂದ ರಾತ್ರಿವರೆಗೆ ನಮ್ಮ ಅಂಗಡೀಲಿ ಓಡೋದು ಅದೇ. ವಾರಕ್ಕೊಂದು ತಲೆಗೆ ಅದು ಸವೆಯೋದೇ ಇಲ್ಲ. ಮೂರು ನೋಡಿ ತಗೊಳ್ಳಿ: ಬ್ಲೇಡ್ ಬೇರೆಯಾಗಿ ಸಿಗಬೇಕು, ಬ್ಲೇಡಿಗೆ ಎರಡು ಸ್ಕ್ರೂ ಇರಬೇಕು, ಕತ್ತರಿಸೋ ಉದ್ದ ಹೊಂದಿಸೋ ಪಕ್ಕದ ಲಿವರ್ ಲೋಹದ್ದಿರಬೇಕು. ಕೂದಲು ವಾರಕ್ಕೆ ಹೆಚ್ಚುಕಡಿಮೆ ಮೂರು ಮಿ.ಮೀ. ಬೆಳೆಯುತ್ತೆ, ಭಾನುವಾರ ಒಂದೂವರೆ ಹೊಡೆದ್ರೆ ಮುಂದಿನ ಭಾನುವಾರಕ್ಕೆ ನಾಲ್ಕೂವರೆ. ಅಷ್ಟಕ್ಕೆ ಅಗಲ ಬ್ಲೇಡೇ ಬೇಕು. ಗಡ್ಡದ ಟ್ರಿಮ್ಮರಿನ ಸಣ್ಣ ಮೋಟಾರಿಗೆ ಪೂರ್ತಿ ತಲೆ ಅನ್ನೋದು ದೊಡ್ಡ ಭಾರ, ಅದಕ್ಕೇ ನಿಮ್ಮವು ಸತ್ತದ್ದು.

ಮಲೆನಾಡಿಗ_ಸಾಗರ
ವೈರ್ ಮಿಷಿನ್ ತಗೊಂಡು ಅರ್ಧ ತಲೆಗೆ ಕರೆಂಟ್ ಹೋದ್ರೆ? ನಮ್ಮೂರಲ್ಲಿ ಮಳೆಗಾಲದಲ್ಲಿ ಅದು ದಿನನಿತ್ಯದ ಮಾತು. ಅದಕ್ಕೇ ನನ್ನ 76ಕ್ಕೆ ಇನ್ವರ್ಟರ್ ಲೈನಿನ ಪಾಯಿಂಟ್ ಎಳೆಸಿದ್ದೀನಿ.

ಹುಬ್ಬಳ್ಳಿ_ವೈಂಡಿಂಗ್
ಇನ್ವರ್ಟರ್ ಕೊಡೂ ಕರೆಂಟಿನ ಅಲಿ ಚೌಕದ್ದೋ (ಸ್ಕ್ವೇರ್ ವೇವ್), ಮನಿ ಲೈನಿನಂಗ ನುಣುಪಿಂದೋ (ಸೈನ್ ವೇವ್)? 76ಕ್ಕ ನಡೀತೈತಿ. ಕಾಯಿಲ್ ಮಿಷಿನ್ ಸ್ಕ್ವೇರ್ ವೇವ್ ಮ್ಯಾಲ ಹಚ್ಚಿದ್ರ ಮತ್ತ ಗದ್ದಲ ಮಾಡತೈತಿ, ಕಾಯತೈತಿ. ತಪ್ಪಲು ಅವರ, ಇನ್ನೊಂದು. ನಿಮ್ಮ ಟ್ರಾನ್ಸ್‌ಫಾರ್ಮರ್ ಎಷ್ಟು ತೂಕ ಐತಿ? ಕೈಯಾಗ ಹಗುರ ಇದ್ರ ಅದು ಟ್ರಾನ್ಸ್‌ಫಾರ್ಮರ್ ಅಲ್ಲ, ಕರೆಂಟಿನ ಅಲಿ ಕತ್ತರಿಸಿ ಕೊಡೂ ಎಲೆಕ್ಟ್ರಾನಿಕ್ ಕನ್ವರ್ಟರ್. ಇಸ್ತ್ರಿಪೆಟ್ಟಿಗಿಗೆ ಸರಿ, ಇದಕ್ಕ ಬ್ಯಾಡ. ಉಳಿದ ಬಿಸಿ ಅದರದ್ದ ಇರಬಹುದು. ಒಂದು ಫೋಟೋ ಹಾಕ್ರಿ.

ಹೊಸಬ_ತುಮಕೂರು
ನಮಸ್ಕಾರ, ನಂದೂ ಇದೇ ತೊಂದರೆ, ಬಿಸಿ ಆಗ್ತಿದೆ. ಆದ್ರೆ ನಂದು ಬ್ಯಾಟರಿ ಮಿಷಿನ್. ಸ್ಕ್ರೂ ಎಲ್ಲಿದೆ?

ಹುಬ್ಬಳ್ಳಿ_ವೈಂಡಿಂಗ್
ನಿಮ್ಮದರಾಗ ಆ ಸ್ಕ್ರೂ ಇರಂಗಿಲ್ರಿ, ಡಿ.ಸಿ. ಮೋಟಾರ್ ಅದು. ಬ್ಯಾಟರಿ ಉಬ್ಬಿದಂಗ ಕಂಡ್ರ ಚಾರ್ಜಿಗೆ ಹಾಕಬ್ಯಾಡ್ರಿ. ಬ್ಯಾರೆ ಚರ್ಚೆ ತಗೀರಿ, ಅಲ್ಲಿ ಮಾಡೆಲ್ ನಂಬರ್ ಹಾಕ್ರಿ.