ತಾತನ ಸೈಕಲ್ಲಿಗೆ ಬೆಸುಗೆ ಬೇಕೇ?

ಪುಟ್ಟು: ಎಲ್ಲರಿಗೂ ನಮಸ್ಕಾರ. ನಾನು ಈಗ ನಮ್ಮ ಮನೆಯವರ ಗ್ರೂಪಿಗೆ ಕಳುಹಿಸಿದ ವಿಡಿಯೋದಲ್ಲಿ ಹಳೆಯ ಕಪ್ಪು ಸೈಕಲ್ಲೊಂದರ ಫ್ರೀವೀಲಿಗೆ (ತುಳಿಯದಿದ್ದರೂ ಚಕ್ರ ತಿರುಗಲು ಬಿಡುವ ಹಿಂದಿನ ಹಲ್ಲುಚಕ್ರ) ಬೆಸುಗೆ ಹಾಕಿಸಿ ಸೈಕಲ್ಲನ್ನು ಫಿಕ್ಸೆಡ್ ಗೇರ್, ಅಂದರೆ ಚಕ್ರದ ಜೊತೆ ಪೆಡಲೂ ಸದಾ ತಿರುಗುವಂತೆ, ಮಾಡಿಕೊಂಡಿದ್ದಾರೆ. ಮೈಸೂರಿನ ಮನೆಯಲ್ಲಿ ಯಾರೂ ಮುಟ್ಟದೆ ನಿಂತಿರುವ ತಾತನ 28 ಇಂಚಿನ ಸೈಕಲ್ಲನ್ನೂ ಹೀಗೆಯೇ ಮಾಡಿಸಬೇಕೆಂದಿದ್ದೇನೆ. ಬೆಸುಗೆಯ ಕೂಲಿ ಬಿಟ್ಟರೆ ಬೇರೆ ಖರ್ಚಿಲ್ಲ.

ಅತ್ತೆ: ಆ ಸೈಕಲ್ ಒಡಹುಟ್ಟಿದ ನಮ್ಮೆಲ್ಲರಿಗೂ ಸೇರಿದ್ದು, ಆದ್ದರಿಂದ ಕೇಳಿ ಮಾಡುವುದು ಒಳ್ಳೆಯದು. ಅದಿರಲಿ, ತುಳಿಯುವುದನ್ನು ನಿಲ್ಲಿಸಲಿಕ್ಕೇ ಆಗದ ಸೈಕಲ್ಲಿನಿಂದ ಏನು ಪ್ರಯೋಜನ?

ಪುಟ್ಟು: ಅತ್ತೆ, ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುವುದರಿಂದ ಕಾಲಿನಿಂದಲೇ ವೇಗ ತಗ್ಗಿಸಬಹುದು. ವೆಲೊಡ್ರೋಮ್ (ಸೈಕಲ್ ಪಂದ್ಯದ ಟ್ರ್ಯಾಕ್) ಪಂದ್ಯದ ಸೈಕಲ್ಲುಗಳೂ ಇಂಥವೇ, ಅವಕ್ಕೆ ಬ್ರೇಕೇ ಇರುವುದಿಲ್ಲ. ಬ್ರೇಕಿನ ಸರಳುಗಳನ್ನು ಕಳಚಿದರೆ ತೂಕವೂ ಇಳಿಯುತ್ತದೆ.

ಚಿಕ್ಕಪ್ಪ: ಬ್ರೇಕ್ ತೆಗೆಯುವ ಮಾತು ಬಂದದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಫ್ರೀವೀಲ್ ಹಬ್ಬಿನ (ಚಕ್ರದ ನಡುವಿನ ಗುಂಬ) ಮೇಲೆ ನಿಂತಿರುವುದು ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್ಡಿನ (ತಿರುಪಿನ ಸುರುಳಿ) ಹಿಡಿತದಿಂದ. ಮುಂದಕ್ಕೆ ತುಳಿದಷ್ಟೂ ಅದು ಬಿಗಿಯಾಗುತ್ತದೆ, ಆದರೆ ಬೆಸುಗೆ ಹಾಕಿಸಿ ಹಿಂದಕ್ಕೆ ಒತ್ತಿದಾಗ, ಬೆಸುಗೆ ಎಷ್ಟೇ ಗಟ್ಟಿಯಾಗಿದ್ದರೂ, ಇಡೀ ಫ್ರೀವೀಲೇ ಹಬ್ಬಿನಿಂದ ಬಿಚ್ಚಿಕೊಳ್ಳಬಹುದು. ನಿಜವಾದ ಫಿಕ್ಸೆಡ್ ಹಬ್ಬಿನಲ್ಲಿ ಹಲ್ಲುಚಕ್ರದ ಹೊರಗೆ ಎಡ ಥ್ರೆಡ್ಡಿನ ಲಾಕ್‌ರಿಂಗ್ (ವಿರುದ್ಧ ದಿಕ್ಕಿಗೆ ಬಿಗಿಯಾಗುವ ಬಳೆ) ಇರುವುದು ಇದನ್ನು ತಡೆಯಲೆಂದೇ. ವಿಡಿಯೋ ಮಾಡಿದವರು ಈ ವಿಷಯವನ್ನೇ ಎತ್ತಿಲ್ಲ. ಚಾಮುಂಡಿ ಬೆಟ್ಟದ ಇಳಿಜಾರನ್ನು ನೆನೆದುಕೋ: ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5.4 ಮೀಟರ್ ಸಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗ ಬಂದರೆ ಕಾಲುಗಳು ಒಂದು ನಿಮಿಷಕ್ಕೆ 120ಕ್ಕಿಂತ ಹೆಚ್ಚು ಸುತ್ತು ತಿರುಗಬೇಕು. ಅಲ್ಲಿ ಫ್ರೀವೀಲ್ ಕಳಚಿ, ಬ್ರೇಕೂ ಇಲ್ಲದಿದ್ದರೆ?

ಪುಟ್ಟು: ಹಾಗಾದರೆ ಲಾಕ್‌ರಿಂಗ್ ಇರುವ ಹಬ್ಬನ್ನೇ ಕೊಂಡು ಹಾಕಿಸುತ್ತೇನೆ, ಚಿಕ್ಕಪ್ಪ.

ಚಿಕ್ಕಪ್ಪ: ಖರ್ಚು ಏರುವುದು ಅಲ್ಲಿಯೇ. ಇಂಥ ಹಳೆಯ ಸೈಕಲ್ಲುಗಳ ಹಿಂದಿನ ರಿಮ್ಮಿಗೆ ಸಾಮಾನ್ಯವಾಗಿ 40 ಕಡ್ಡಿ, ಅಂಗಡಿಯಲ್ಲಿ ಸಿಗುವ ಫಿಕ್ಸೆಡ್ ಹಬ್ಬುಗಳಿಗೆ ಹೆಚ್ಚಾಗಿ 32 ಅಥವಾ 36. ಹೀಗಾಗಿ ಹಬ್ಬಿನ ಜೊತೆಗೆ ರಿಮ್ಮು, ಕಡ್ಡಿ, ಚಕ್ರ ಕಟ್ಟುವ ಕೂಲಿ ಎಲ್ಲವೂ ಸೇರುತ್ತವೆ. ಇಂಥ ಹಬ್ಬಿನ ಅಗಲ ಸಾಮಾನ್ಯವಾಗಿ 120 ಮಿ.ಮೀ., ಫ್ರೇಮಿನಲ್ಲಿ ಹಿಂದಿನ ಚಕ್ರ ಕೂರುವ ಜಾಗ ಅದಕ್ಕಿಂತ ಕಡಿಮೆಯಿರಬಹುದು. ಉಕ್ಕಿನ ಫ್ರೇಮಾದ್ದರಿಂದ ಅಷ್ಟನ್ನು ಅಗಲಿಸಬಹುದೆನ್ನುವುದು ಸಮಾಧಾನ. ಅನುಕೂಲವೂ ಇಲ್ಲದಿಲ್ಲ: ಆಕ್ಸಲ್ ಕೂರುವ ಸೀಳು ಹಿಂದಕ್ಕೆ ತೆರೆದಿರುವುದರಿಂದ ಚಕ್ರವನ್ನು ಎಳೆದೇ ಚೈನ್ ಬಿಗಿ ಮಾಡಬಹುದು. ಪೆಡಲಿನ ತೋಳಾದ ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನುಗಳು ಮಾತ್ರ ಹಿಂದೊತ್ತಡಕ್ಕೆ ಸಡಿಲವಾಗಬಹುದು, ಅವನ್ನು ಹೊಸದಾಗಿ ಹಾಕಿಸಲೇಬೇಕು.

ಅಣ್ಣ (ಲಂಡನ್): ಇಲ್ಲಿ 1983ರ ನಿಯಮದಂತೆ ಫಿಕ್ಸೆಡ್ ಸೈಕಲ್ಲಿಗೆ ಹಿಂದಿನ ಬ್ರೇಕ್ ಇಲ್ಲದಿದ್ದರೂ ನಡೆಯುತ್ತದೆ, ಮುಂದಿನದು ಇರಲೇಬೇಕು. ಪುಟ್ಟು, ವೆಲೊಡ್ರೋಮಿನಲ್ಲಿ ಎದುರಿಗೆ ಆಟೋ ಬರುವುದಿಲ್ಲ.

ಅತ್ತೆ: ಫ್ರೇಮನ್ನು ಕತ್ತರಿಸಬಾರದು, ಮುಂದಿನ ಬ್ರೇಕ್ ತೆಗೆಯಬಾರದು, ಹಳೆಯ ಚಕ್ರವನ್ನು ಗುಜರಿಗೆ ಹಾಕಬಾರದು. ಈ ಮೂರಕ್ಕೆ ಒಪ್ಪಿದರೆ ನನ್ನ ತಕರಾರಿಲ್ಲ.

ಪುಟ್ಟು: ಒಪ್ಪಿದೆ, ಅತ್ತೆ. ಭಾನುವಾರ ರಿಮ್ಮಿನ ತೂತುಗಳನ್ನು ಎಣಿಸಿ, ಫ್ರೇಮಿನ ಒಳ ಅಳತೆ ತೆಗೆದು ಇಲ್ಲಿಯೇ ಹಾಕುತ್ತೇನೆ.

ಚಿಕ್ಕಪ್ಪ: ಅಳತೆ ಹಾಕಿದ ಮೇಲೆ ಯಾರಾದರೂ ಮಾರುತ್ತಿರುವ ಹಳೆಯ ಫಿಕ್ಸೆಡ್ ಚಕ್ರವನ್ನು ಹುಡುಕೋಣ, ಬಿಡಿ ಸಾಮಾನು ಕೊಂಡು ಕಟ್ಟಿಸುವುದಕ್ಕಿಂತ ಅದು ಅಗ್ಗವಾದೀತು. ಅದು ಸಿಗುವವರೆಗೂ ಫ್ರೀವೀಲನ್ನು ಬೆಸುಗೆಯವನ ಬಳಿ ಒಯ್ಯಬೇಡ.