ಬೆಟ್ಟದ ರಸ್ತೆಲಿ ಜೋರಾಗಿ ಓಡಿಸೋಕೆ ಯಾವ ಬ್ರೇಕ್ ಆಯಿಲ್? ಡಾಟ್ 4 ಸಾಕಾ, 5.1 ಬೇಕಾ, ರೇಸ್‌ದೇ ಹಾಕ್ಸಿಬಿಡ್ಲಾ?

ತಿರುವುಮುರುವು:
ಎಲ್ರಿಗೂ ನಮಸ್ಕಾರ. ಗಾಡಿ ಟರ್ಬೋ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಪೂರ್ತಿ ಸ್ಟಾಕ್, ಮುಂದೆ ಡಿಸ್ಕ್ ಹಿಂದೆ ಡ್ರಮ್, ಎಬಿಎಸ್ ಇದೆ. ಆಫೀಸಿಗೂ ಅದೇ, ರಜೆ ದಿನ ಬೆಟ್ಟದ ರಸ್ತೆಗೂ ಅದೇ. ಟ್ರ್ಯಾಕಿಗೆ ಹೋಗಲ್ಲ, ಹೋಗೋ ಆಸೆನೂ ಇಲ್ಲ. ವಿಷಯ ಏನಂದ್ರೆ ಉದ್ದ ಇಳಿಜಾರಲ್ಲಿ ಒಂದರ ಹಿಂದೆ ಒಂದು ತಿರುವು ಹೊಡ್ಕೊಂಡು ಬರ್ತಾ ಇದ್ರೆ ಕೊನೆಕೊನೆಗೆ ಪೆಡಲ್ ಮೆತ್ತಗಾಗಿ ಒಳಗೊಳಗೆ ಇಳಿಯೋಕೆ ಶುರು ಮಾಡುತ್ತೆ, ಎರಡು ಸಲ ಪಂಪ್ ಮಾಡಿದ್ರೆ ಸಿಗುತ್ತೆ, ಕೆಳಗೆ ಬಂದು ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಥರ ನಾರ್ಮಲ್. ಗ್ಯಾರೇಜಲ್ಲಿ ತೋರ್ಸಿದ್ರೆ ‘ಲೆವೆಲ್ ಸರಿಯಿದೆ, ಲೀಕ್ ಇಲ್ಲ, ಓಡ್ಸಿ’ ಅಂದ್ರು. ಈಗಿರೋದು ಡಾಟ್ 4 ದರ್ಜೆ ಆಯಿಲ್, ಆದ್ರೆ ಸೆಕೆಂಡ್ ಹ್ಯಾಂಡ್ ಗಾಡಿ, ಯಾವ ಕಾಲದಲ್ಲಿ ಹಾಕಿದ್ದೋ ಗೊತ್ತಿಲ್ಲ. ಫ್ರೆಂಡ್ಸಲ್ಲಿ ಒಬ್ಬ 5.1 ಹಾಕ್ಸು ಅಂತಾನೆ, ಇನ್ನೊಬ್ಬ ನಾಲ್ಕಕ್ಕಿಂತ ಐದು ದೊಡ್ದಲ್ವಾ ಡಾಟ್ 5 ಹಾಕು ಅಂತಾನೆ, ಮೂರನೆಯವನು 300 ಡಿಗ್ರಿ ದಾಟೋ ರೇಸ್ ಆಯಿಲ್ ಬಿಟ್ರೆ ಬೇರೆ ಯಾವುದೂ ಬೇಡ ಅಂತ ಹಠ. ಯಾರ ಮಾತು ಕೇಳ್ಲಿ?

ಹತ್ತನಂಬರ್‌ಸ್ಪ್ಯಾನರ್:
ಡಾಟ್ 5 ಅಂದವನ ಮಾತಂತೂ ಬಿಡಿ ಮೊದ್ಲು. ಅದು ಸಿಲಿಕೋನ್, 3, 4, 5.1 ಇವೆಲ್ಲ ಗ್ಲೈಕಾಲ್ ಜಾತಿ, ಒಂದಕ್ಕೊಂದು ಬೆರೆಯಲ್ಲ. ಗುಳ್ಳೆ ಬೇಗ ಹಿಡ್ಕೊಳುತ್ತೆ, ಅದಕ್ಕೇ ಎಬಿಎಸ್ ಗಾಡಿಗೆ ಬೇಡ್ವೇ ಬೇಡ. ನೀರು ಹೀರಲ್ಲ ಅಂತ ಹೊಗಳ್ತಾರೆ, ಸರಿ, ಆದ್ರೆ ಒಳಗೆ ಬಂದ ನೀರು ಎಲ್ಲಿಗೆ ಹೋಗುತ್ತೆ? ತಗ್ಗಲ್ಲಿ ಹೋಗಿ ಕೂರುತ್ತೆ, ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತೋ ಭಾಗ) ಹತ್ರ ಕೂತ್ರೆ 100 ಡಿಗ್ರಿ ಆಸುಪಾಸಲ್ಲೇ ಕುದಿಯುತ್ತೆ.

ಇನ್ನು ನಿಮ್ಮ ಗಾಡಿ ಲಕ್ಷಣ. ಮೆತ್ತಗೆ ಇಳಿಯೋದು, ಪಂಪ್ ಮಾಡಿದ್ರೆ ಸಿಗೋದು, ತಣ್ಣಗಾದ್ರೆ ಸರಿಹೋಗೋದು, ಇದು ಆಯಿಲ್ ಕುದಿಯೋ ಲಕ್ಷಣ. ಆಯಿಲ್ ಅದುಮಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ, ನೀವು ಒತ್ತಿದ್ದೆಲ್ಲಾ ಆ ಗುಳ್ಳೆ ಹಿಚುಕೋದ್ರಲ್ಲೇ ಮುಗೀತು. ತಣ್ಣಗಾದ್ಮೇಲೆ ಆವಿ ವಾಪಸ್ ದ್ರವ ಆಗಿಬಿಡುತ್ತೆ, ಗ್ಯಾರೇಜಲ್ಲಿ ಏನೂ ಸಿಗದೇ ಇರೋದು ಅದಕ್ಕೇ. ಲೆವೆಲ್ ನೋಡಿ ಆಯಿಲ್ ಚೆನ್ನಾಗಿದೆ ಅನ್ನೋರ ಹತ್ರ ನಾನಂತೂ ಬ್ರೇಕ್ ಕೆಲಸ ಕೊಡಲ್ಲ.

ಡಬ್ಬದ ಮೇಲೆ ಎರಡು ನಂಬರ್ ನೋಡಿ. ಡ್ರೈ ಅಂದ್ರೆ ಹೊಸ ಆಯಿಲ್ ಕುದಿಯೋ ಡಿಗ್ರಿ, ವೆಟ್ ಅಂದ್ರೆ ಸುಮಾರು 3.7 ಪರ್ಸೆಂಟ್ ನೀರು ಸೇರಿದ್ಮೇಲಿನದು. ಡಾಟ್ 3 ಕನಿಷ್ಠ 205 ಮತ್ತೆ 140, ಡಾಟ್ 4 ಕನಿಷ್ಠ 230 ಮತ್ತೆ 155, 5.1 ಕನಿಷ್ಠ 260 ಮತ್ತೆ 180. ಕನಿಷ್ಠ ಅನ್ನೋದು ಮರೀಬೇಡಿ, ಅದಕ್ಕಿಂತ ಮೇಲೆ ಎಷ್ಟಾದ್ರೂ ಇರ್ಬೋದು. ಡಾಟ್ 4 ಅಂತ ಬರೆದಿರೋ ಎರಡು ಡಬ್ಬದ ಮಧ್ಯೆನೇ 50 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಸಿಗುತ್ತೆ. ಉದಾಹರಣೆಗೆ ಎಟಿಇ ಟೈಪ್ 200, ಅದೂ ಡಾಟ್ 4ನೇ, ಆದ್ರೆ ಡ್ರೈ 280, ವೆಟ್ 198.

ರಸ್ತೆ ಗಾಡಿಗೆ ನಾನು ನೋಡೋದು ವೆಟ್ ನಂಬರ್ರೇ. ರಬ್ಬರ್ ಹೋಸ್‌ನಿಂದ, ಬ್ರೇಕ್ ಆಯಿಲ್ ಟ್ಯಾಂಕ್ ಮುಚ್ಚಳದಿಂದ ತೇವ ಒಳಗೆ ಹೋಗ್ತಾನೇ ಇರುತ್ತೆ, ಡ್ರೈ ನಂಬರ್ ಹೊಸದರಲ್ಲಿ ಮಾತ್ರ. ನಿಮ್ದು ಯಾವ ಕಾಲದ್ದೋ ಗೊತ್ತಿಲ್ಲದ ಆಯಿಲ್ ಅಂದ್ರೆ 155ರ ಹತ್ರ ಬಂದು ಕೂತಿದ್ರೂ ಆಶ್ಚರ್ಯ ಇಲ್ಲ. ಯಾವ ಬ್ರ್ಯಾಂಡ್ ಅನ್ನೋದಕ್ಕಿಂತ ಎಷ್ಟು ಹಳೇದು ಅನ್ನೋದು ಇಲ್ಲಿ ದೊಡ್ಡ ವಿಷಯ.

ಡಿಸ್ಕ್‌ಕಾಕಾ:
ಮೇಲಿನವ್ರು ಹೇಳಿದ್ದು ಖರೇ ಐತಿ, ಆದ್ರ ಪ್ಯಾಡ್ ಕಡೆ ಒಂದ್ ಸಲ ನೋಡ್ರಿ. ಪೆಡಲ್ ಗಟ್ಟಿ ಇದ್ದು ಗಾಡಿ ನಿಲ್ಲವಲ್ದು ಅಂದ್ರ ಅದು ಪ್ಯಾಡ್ ಕಾದು ಹಿಡಿತ ಬಿಟ್ಟಿದ್ದು, ಅದಕ್ಕ ಯಾವ ಆಯಿಲ್ ಹಾಕಿದ್ರೂ ಅಷ್ಟ. ನಿಮ್ದು ಹಂಗಿಲ್ಲ, ಮೆತ್ತಗ ಆಗೋದು, ಅದಕ್ಕ ಆಯಿಲ್ ಅನ್ನೋದು ಒಪ್ಪತೀನಿ. ಆದ್ರೂ ಪ್ಯಾಡ್ ತೆಳ್ಳಗಾಗಿದ್ರ ಡಿಸ್ಕ್ ಕಾವು ಪಿಸ್ಟನ್ನಿಗೆ ಲಗೂನ ಹೋಗ್ತೈತಿ, ದಪ್ಪ ಪ್ಯಾಡ್ ತಡೀತೈತಿ. ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ ಹಿಡ್ಕೊಂಡಿದ್ರ ಪ್ಯಾಡ್ ಸದಾ ಉಜ್ಜಕೋತನ ಇರ್ತೈತಿ, ಅದೂ ಕಾವು. ಚಕ್ರ ಬಿಚ್ಚಿದಾಗ ಇಷ್ಟೂ ನೋಡ್ಸಿಬಿಡ್ರಿ.

ಮತ್ತ ಇಳಿಜಾರಾಗ ನೀವು ಬ್ರೇಕ್ ಮ್ಯಾಲ ಕಾಲು ಇಟ್ಟುಕೊಂಡ ಬರ್ತೀರೇನು? ಗೇರ್ ಇಳಿಸಿ ಎಂಜಿನ್ ಮ್ಯಾಲ ತಡೀರಿ, ತಿರುವಿಗೆ ಮುಂಚೆ ಗಟ್ಟಿ ಒತ್ತಿ ಪೂರ್ತಿ ಬಿಡ್ರಿ. ನಡುವ ಗಾಳಿ ಆಡಿದ್ರ ಡಿಸ್ಕ್ ತಣ್ಣಗಾಗ್ತೈತಿ.

ತಿರುವುಮುರುವು:
ಇಬ್ರಿಗೂ ಥ್ಯಾಂಕ್ಸ್. ಪೆಡಲ್ ಗಟ್ಟಿ ಆಗಲ್ಲ ಕಾಕಾ, ಪಕ್ಕಾ ಮೆತ್ತಗೇ. ಕಾಲು ಇಟ್ಕೊಂಡು ಬರೋ ಅಭ್ಯಾಸ ಇಲ್ಲ, ಪಿನ್ ಮಾತ್ರ ನೋಡ್ಸಿಲ್ಲ, ನೋಡ್ಸ್ತೀನಿ. ಹಾಗಾದ್ರೆ ವೆಟ್ ನಂಬರ್ರೇ ಮುಖ್ಯ ಅಂದ್ರೆ ಅತಿ ಜಾಸ್ತಿ ಇರೋ ರೇಸ್ ಆಯಿಲ್ಲೇ ಹಾಕ್ಸಿ ತಲೆನೋವು ಮುಗಿಸಬಹುದಲ್ವಾ? ಟ್ಯಾಂಕಲ್ಲಿ ಟೆಸ್ಟರ್ ಪೆನ್ ಅದ್ದಿ ನೋಡಿದ್ರು ಒಬ್ರು, ಹಸಿರು ಲೈಟ್ ಬಂತು.

ಬೋರೇಟ್‌ಬಸ್ಯಾ:
ಆ ಪೆನ್ನು ಕರೆಂಟ್ ಎಷ್ಟು ಹರಿಯುತ್ತೆ ಅಂತ ನೋಡಿ ನೀರು ಎಷ್ಟಿದೆ ಅಂತ ಅಂದಾಜು ಹೊಡೆಯುತ್ತೆ ಅಷ್ಟೇ, ಆಯಿಲ್ ಬೇರೆ ಆದ್ರೆ ಅಂದಾಜೂ ಬೇರೆ. ಜೊತೆಗೆ ನೀವು ಅದ್ದಿದ್ದು ಟ್ಯಾಂಕಲ್ಲಿ, ಕುದೀತಿರೋದು ಕ್ಯಾಲಿಪರಲ್ಲಿ. ಬ್ರೇಕ್ ಆಯಿಲ್ ಎಂಜಿನ್ ಆಯಿಲ್ ಥರ ಸುತ್ತು ಹೊಡೆಯಲ್ಲ, ಕೆಳಗಿರೋದು ಕೆಳಗೇ ಕೂತಿರುತ್ತೆ. ಸ್ಯಾಂಪಲ್ ತೆಗೆದು ಕಾಯಿಸಿ ಕುದಿಯೋ ಡಿಗ್ರಿ ತೋರ್ಸೋ ಮಿಷನ್ ಇದ್ರೆ ನಂಬ್ಬೋದು.

ರೇಸ್ ಆಯಿಲ್ ಹಾಕ್ಬಾರ್ದು ಅಂತೇನಿಲ್ಲ. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ತಗೊಳಿ, ಡ್ರೈ 320, ವೆಟ್ 270, ಅಂದ್ರೆ ನೀರು ಕುಡಿದ್ಮೇಲೂ ಹೊಸ ಡಾಟ್ 4ರ ಕನಿಷ್ಠಕ್ಕಿಂತ ಮೇಲೆ, ಆ ವಿಷಯದಲ್ಲಿ ಅದು ರಾಕ್ಷಸ. ಆದ್ರೆ ಡ್ರೈ 300 ದಾಟೋದೆಲ್ಲಾ ಹಾಗಿಲ್ಲ, ಕೆಲವು ಹೊಸದ್ರಲ್ಲಿ ಆಕಾಶ, ನೀರು ಸೇರ್ತಿದ್ದಂಗೆ 100 ಡಿಗ್ರಿಗಿಂತ ಜಾಸ್ತಿ ಬೀಳುತ್ತೆ. ರೇಸ್ ತಂಡದವರು ಪದೇ ಪದೇ ಬದಲಾಯಿಸ್ತಾರೆ, ಅವರಿಗೆ ನಡೆಯುತ್ತೆ. ನೀವು ಹಾಕ್ಸಿ ಮೂರು ವರ್ಷ ಮರೆತ್ರೆ ಅದಕ್ಕೆ ಕೊಟ್ಟ ದುಡ್ಡು ದಂಡ.

ಇನ್ನೊಂದು ಯಾರೂ ಹೇಳ್ದೇ ಇರೋದು, ದಪ್ಪ. ಎಬಿಎಸ್, ಇಎಸ್‌ಪಿ (ಗಾಡಿ ಅಡ್ಡ ಜಾರದಂಗೆ ತಡೆಯೋ ವ್ಯವಸ್ಥೆ) ಒಳಗೆ ಚಿಕ್ಕ ಚಿಕ್ಕ ವಾಲ್ವ್ ಇರ್ತವೆ, ಚಳೀಲಿ ಆಯಿಲ್ ಮಂದ ಆದ್ರೆ ಅವು ನಿಧಾನ ಆಗ್ತವೆ. ಮೈನಸ್ 40 ಡಿಗ್ರೀಲಿ ಅಳೀತಾರೆ ಇದನ್ನ, ಡಾಟ್ 4ಕ್ಕೆ 1800 ಸೆಂಟಿಸ್ಟೋಕ್ (ದಪ್ಪದ ಅಳತೆ) ವರೆಗೆ ಓಕೆ, 5.1ಕ್ಕೆ 900, ಬ್ರೇಕ್ ಆಯಿಲ್ಲಿನ ಇನ್ನೊಂದು ಮಾನದಂಡ ಐಎಸ್ಒ 4925ರಲ್ಲಿ ಕ್ಲಾಸ್ 6 ಅಂತ ಬರುತ್ತಲ್ಲ ಅದಕ್ಕೆ 750, ಕಡಿಮೆ ಇದ್ದಷ್ಟೂ ತೆಳು. ಕ್ಲಾಸ್ 6 ಡ್ರೈ 250, ವೆಟ್ 165. ಮ್ಯಾನ್ಯುಯಲ್‌ನಲ್ಲಿ ಕ್ಲಾಸ್ 6 ಕೇಳಿದ್ರೆ ಅದನ್ನ ಬಿಟ್ಟು ದಪ್ಪ ರೇಸ್ ಆಯಿಲ್ ಹಾಕ್ಬೇಡಿ. ಬರೀ ಡಾಟ್ 4 ಅಂತಿದ್ರೆ ಒಳ್ಳೆ 5.1 ಹಾಕ್ಸಿ, ಇಲ್ಲಾ ವೆಟ್ 190 ಮೇಲಿರೋ ಡಾಟ್ 4. ನಿಮ್ಮ ಓಡಾಟಕ್ಕೆ ಧಾರಾಳ ಸಾಕು.

ಹತ್ತನಂಬರ್‌ಸ್ಪ್ಯಾನರ್:
ಬಸ್ಯಾ ಹೇಳಿದ್ದಕ್ಕೆ ಸಹಮತ, ನನ್ನ ಓಟು ವೆಟ್ ಜಾಸ್ತಿ ಇರೋ ಡಾಟ್ 4ಕ್ಕೆ, 5.1 ಆದ್ರೂ ತಕರಾರಿಲ್ಲ. ಆದ್ರೆ ಹಾಕ್ಸೋವಾಗ ಟ್ಯಾಂಕಲ್ಲಿರೋದು ಎಳೆದು ಹೊಸದು ತುಂಬಿ ಕೈ ತೊಳ್ಕೊಳೋರು ಇದಾರೆ, ಬಿಡ್ಬೇಡಿ. ನಾಲ್ಕೂ ಚಕ್ರದ ಹತ್ರ ಆಯಿಲ್ ಹೊರಗೆ ಬಿಡೋ ಬ್ಲೀಡ್ ನಿಪ್ಪಲ್‌ನಿಂದ ಹೊಸ ಬಣ್ಣ ಬರೋವರೆಗೂ ತೆಗೀಬೇಕು, ಹಿಂದಿನ ಡ್ರಮ್ ಸೇರಿ. ಯಾವ ಚಕ್ರ ಮೊದ್ಲು ಅನ್ನೋದು ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಮಧ್ಯೆ ಟ್ಯಾಂಕ್ ಖಾಲಿಯಾಗಿ ಎಬಿಎಸ್ ಘಟಕಕ್ಕೆ ಗಾಳಿ ಹೋಯ್ತೋ, ಸ್ಕ್ಯಾನರ್ ಹಾಕಿ ಪಂಪ್ ಓಡ್ಸೋವರೆಗೂ ಪೆಡಲ್ ಸರಿಯಾಗಲ್ಲ. ಪೇಂಟ್ ಮೇಲೆ ಚೆಲ್ಲಿದ್ರೆ ಒರೆಸ್ತಾ ನಿಲ್ಬೇಡಿ, ನೀರು ಸುರೀರಿ. ಆಮೇಲೆ ಎರಡು ವರ್ಷಕ್ಕೊಮ್ಮೆ, ನಿಮ್ಮ ಥರ ಓಡ್ಸೋರು ವರ್ಷಕ್ಕೊಮ್ಮೆ. ಅಲ್ಲೀವರೆಗೆ ಆ ಇಳಿಜಾರಲ್ಲಿ ನಿಧಾನ.

ತಿರುವುಮುರುವು:
ಸರಿ, 5.1 ತರ್ತೀನಿ. ಒಂದು ಲೀಟರ್ ತಂದ್ರೆ ಉಳಿದಿದ್ದು ಮುಂದಿನ ವರ್ಷಕ್ಕೆ ಆಗುತ್ತಾ?

ಬೋರೇಟ್‌ಬಸ್ಯಾ:
ಒಡೆದ ಡಬ್ಬ ಇಡ್ಬೇಡಿ, ಮುಚ್ಚಳ ಎಷ್ಟೇ ಬಿಗಿ ಮಾಡಿದ್ರೂ ಒಳಗೆ ಸೇರಿದ ಗಾಳಿಯ ತೇವ ಹೀರುತ್ತೆ. ಅರ್ಧ ಲೀಟರಿನ ಎರಡು ಸೀಲ್ ಡಬ್ಬ ತಗೊಳಿ, ಎರಡನೇದು ಬೇಕಾದ್ರೆ ಮಾತ್ರ ಒಡೀರಿ.