ಅಪ್‌ಡೇಟ್: ಮಳೆಯ ಚಳಿಗಾಲದಲ್ಲಿ ಕೊಳೆಯುತ್ತಿದ್ದ ಎಚೆವೇರಿಯಾ
ಚಳಿ ಅಷ್ಟೇನೂ ಇಲ್ಲದಿದ್ದರೂ ಚಳಿಗಾಲವಿಡೀ ಮಳೆ ಹಿಡಿಯುವ ಹವೆಯಲ್ಲಿ, ದಪ್ಪ ಎಲೆಗಳಲ್ಲಿ ನೀರು ಹಿಡಿದಿಡುವ ಎಚೆವೇರಿಯಾ ಗಿಡಗಳು ಬುಡದಿಂದಲೇ ಕೊಳೆಯುವುದೇಕೆಂದು ಈ ಹಿಂದೆ ಕೇಳಿದ್ದೆ. ಸಲಹೆ ನೀಡಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಮಣ್ಣಿಗೆ ಅರ್ಧಕ್ಕಿಂತ ಹೆಚ್ಚು ಪ್ಯೂಮಿಸ್ (ರಂಧ್ರಗಳಿರುವ ಹಗುರ ಜ್ವಾಲಾಮುಖಿ ಕಲ್ಲು) ಮತ್ತು ದಪ್ಪ ಮರಳು ಬೆರೆಸಿ, ಕುಂಡಗಳ ಮೇಲೆ ಪಾರದರ್ಶಕ ಹಾಳೆಯ ಮಾಡು ಕಟ್ಟಿ, ಗಾಳಿಯಾಡಲೆಂದು ನಾಲ್ಕೂ ಬದಿಗಳನ್ನು ತೆರೆದೇ ಬಿಟ್ಟೆ. ಕೊಳೆಯುವುದು ನಿಂತಿದೆ. ಒಂದು ಗಿಡವನ್ನು ಮೆಲ್ಲನೆ ಎತ್ತಿ ನೋಡಿದಾಗ, ಕಂದಾಗಿ ಮೆತ್ತಗಾಗಿದ್ದ ಹಳೆಯ ಬೇರುಗಳ ಜಾಗದಲ್ಲಿ ಬಿಳಿಯ ಹೊಸ ಬೇರುಗಳು ಪ್ಯೂಮಿಸ್ ಚೂರುಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ನನ್ನಲ್ಲಿರುವ ಇದೇ ಬಗೆಯ ದಪ್ಪ ಎಲೆಯ ಇನ್ನೊಂದು ಗಿಡವಾದ ಇಯೋನಿಯಂಗೆ ಮಾತ್ರ ಬೇರೆಯದೇ ಕ್ರಮ ಬೇಕು: ಹೆಚ್ಚಾಗಿ ಕೆನರಿ ದ್ವೀಪಗಳಿಗೆ ಸೇರಿದ ಈ ಗಿಡಗಳು ತಂಪು ಕಾಲದಲ್ಲಿ ಬೆಳೆದು ಬೇಸಿಗೆಯಲ್ಲಿ ವಿಶ್ರಮಿಸುವುದರಿಂದ, ಎಚೆವೇರಿಯಾಕ್ಕೆ ನೀರು ನಿಲ್ಲಿಸಿರುವ ತಿಂಗಳುಗಳಲ್ಲೂ ಇವಕ್ಕೆ ಮಣ್ಣು ಒಣಗಿದಾಗಲೆಲ್ಲ ನೀರುಣಿಸುತ್ತಿದ್ದೇನೆ.